ಬಿಳಿ ಉಡುಪಿನ ಒಳಗಿನ ಹೆಸರು

ದಾರ್ಖಾನ್, ಭಾನುವಾರ

ಪ್ರೀತಿಯ ದುಲ್ಮಾ ಅಕ್ಕನಿಗೆ,

ಹಿಮ್ಮಡಿಯ ಕಟ್ಟು ಇನ್ನೂ ಬಿಚ್ಚಿಲ್ಲ. ಅಮ್ಮ ಉಪ್ಪು ಚಹಾ ಕುಡಿಸಿಯೇ ಕೊಲ್ಲುತ್ತಿದ್ದಾಳೆ. ರಾಷ್ಟ್ರೀಯ ಬ್ಯಾಲೆ ತಂಡದಲ್ಲಿ ನನ್ನ ಹಂಸರಾಣಿಯ ಪಾತ್ರ ಸೊಲೊಂಗೊಗೆ ಹೋಯಿತೆಂದು ಆ ಹುಡುಗಿಯೇ ಬಂದು ಹೇಳಿದಳು, ಕೈಯಲ್ಲಿ ಒಣಮೊಸರಿನ ಪೊಟ್ಟಣ ಹಿಡಿದು. "ನೀನು ಬರೋವರೆಗೂ ಅಷ್ಟೇ ಖುಲಾನಕ್ಕ. ನಿನ್ನ ಡ್ರೆಸ್ಸು ನಂಗೆ ಸ್ವಲ್ಪ ಸಡಿಲ" ಅಂದಳು.

ಸಡಿಲವಂತೆ.

ನಿನ್ನ ಹೊಲಿಗೆ ಕೋಣೆಯಿಂದ ಒಂದು ಉಪಕಾರವಾಗಬೇಕು. ಆ ಬಿಳಿ ಉಡುಪನ್ನು ಅವಳಿಗಾಗಿ ಕತ್ತರಿಸಬೇಡ, ಮಡಿಸಿ ಹೊಲಿ. ನಾನು ಬಂದಾಗ ಬಿಚ್ಚಬಹುದು. ಒಳಪಟ್ಟಿಯಲ್ಲಿ ತೊಟ್ಟವರ ಹೆಸರುಗಳನ್ನು ಒಂದರ ಕೆಳಗೊಂದು ದಾರದಲ್ಲಿ ಹೊಲಿಯುತ್ತೀಯಲ್ಲ, ನನ್ನ ಹೆಸರಿನ ಕೆಳಗೆ ಅವಳದನ್ನು ಹೊಲಿಯಬೇಡ. ಸೀಮೆಸುಣ್ಣದಲ್ಲಿ ಬರೆದರೆ ಸಾಕು.

ಇನ್ನೊಂದು ಮಾತು. ರಾಜಕುಮಾರನ ಪಾತ್ರದವನು ಮೇಲೆತ್ತುವಾಗ ಉಡುಪಿನ ಬೆನ್ನಿನ ನಡುವಿನ ಕೊಕ್ಕೆ ಕಳಚಿಕೊಳ್ಳುತ್ತದೆ. ನಾನು ಉಸಿರು ಬಿಗಿಹಿಡಿದು ನಿಭಾಯಿಸುತ್ತಿದ್ದೆ. ನಾನು ಕುಂಟುತ್ತಾ ಸೊಲೊಂಗೊಳನ್ನು ಬಾಗಿಲವರೆಗೆ ಕಳಿಸಿಕೊಟ್ಟೆ, ಆದರೂ ಇದನ್ನು ಹೇಳಲಿಲ್ಲ. ಪ್ರದರ್ಶನಕ್ಕೆ ಮೊದಲು ನೀನು ಗಟ್ಟಿಯಾಗಿ ಹೊಲಿದುಬಿಡು. ಯಾರು ತೊಟ್ಟಿದ್ದರೂ ಆ ಉಡುಪು ವೇದಿಕೆಯ ಮೇಲೆ ಬಿಚ್ಚಿಕೊಳ್ಳಬಾರದು.

ಹೆಸರು ಮಾತ್ರ ಸೀಮೆಸುಣ್ಣದಲ್ಲೇ ಇರಲಿ.

ನಿನ್ನ
ಖುಲಾನ್