ಬಾಗಿಲ ಹಿಂದಿನ ಚೀಟಿ ಮತ್ತು ಅರ್ಧಕ್ಕೆ ಬಿಡದ ಐವರು

ಸಂಶೋಧನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಬೋಧನಾ ಆಸ್ಪತ್ರೆ ತಿಂಗಳು ತಿಂಗಳು ಹೊರತರುವ ಸಂಶೋಧನಾ ವಾರ್ತೆಯ ಕಳೆದ ಸಂಚಿಕೆಯಲ್ಲಿ, ಹದಿನಾಲ್ಕನೇ ಪುಟದ ತಳದಲ್ಲಿ, ತಲೆಸುತ್ತಿನ ಅಧ್ಯಯನದ ಬಗ್ಗೆ ಒಂದು ಸಾಲಿದೆ: ‘ಭಾಗವಹಿಸಿದ ಎಂಬತ್ತನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ಅರ್ಧಕ್ಕೆ ಬಿಟ್ಟರು.’ ಆ ಹನ್ನೊಂದರಲ್ಲಿ ಒಬ್ಬರು ನಮ್ಮ ದೊಡ್ಡಮ್ಮ. ಅವರು ಬಿಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ಹೊಲಿಗೆ ಯಂತ್ರದ ಮುಂದೆ ಕೂತು, ಕಣ್ಣು ಗೋಡೆಯ ಮೇಲಿನ ಚುಕ್ಕಿಯಲ್ಲಿಟ್ಟು, ತಲೆಯನ್ನು ಎಡಕ್ಕೆ ಇಪ್ಪತ್ತು, ಬಲಕ್ಕೆ ಇಪ್ಪತ್ತು ಸಲ ತಿರುಗಿಸಿ, ನೀವು ಕೊಟ್ಟ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಯೇ ಎದ್ದರು. ಹಾಗಾದರೆ ಬಿಟ್ಟವರು ಯಾರು? ದಯವಿಟ್ಟು ಕೊನೆಯವರೆಗೂ ಓದಿ. ನೀವು ಬರೆದದ್ದನ್ನೆಲ್ಲ ನಾನು ಕೊನೆಯವರೆಗೂ ಓದುತ್ತೇನೆ. ಆ ಲೆಕ್ಕದಲ್ಲಿ ನಿಮ್ಮದು ನನಗೆ ತುಂಬ ಬಾಕಿ ಇದೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನಿಮ್ಮ ವಿರೋಧಿ ಅಲ್ಲ, ಪಕ್ಕಾ ಅಭಿಮಾನಿ. ನಿಮ್ಮ ಹಿಂದಿನ ಗೇಟಿನ ಎದುರಿಗಿರುವ ಕನ್ನಡಕದ ಅಂಗಡಿಯಲ್ಲಿ ಕೆಲಸ ನನ್ನದು. ಸಂಶೋಧನಾ ವಾರ್ತೆಯ ಒಂದು ಪ್ರತಿ ಅಂಗಡಿಗೂ ಬರುತ್ತದೆ. ಮಸೂರ ಒರೆಸುವ ಬಟ್ಟೆ ಸುತ್ತಿಕೊಡಲು ಅದನ್ನು ಹರಿಯುತ್ತಿದ್ದ ಮಾಲೀಕರ ಕೈಯಿಂದ ಕಿತ್ತುಕೊಂಡು ಓದಲು ಶುರು ಮಾಡಿದವಳು ನಾನು. ಈಗ ಅದನ್ನು ಓದುವವರದೇ ನಮ್ಮದೊಂದು ಗ್ರೂಪಿದೆ, ಮೂವತ್ತೊಂದು ಜನ. ಬೇರೆಯವರು ಆಟಗಾರರ ಬಗ್ಗೆ ಕಿತ್ತಾಡಿದ ಹಾಗೆ ನಾವು ನಿಮ್ಮ ವಿಭಾಗಗಳ ಬಗ್ಗೆ ಕಿತ್ತಾಡುತ್ತೇವೆ. ಹೃದಯದವರು ಮೆಟ್ಟಿಲು ಹತ್ತಿಸಿ ನಾಡಿ ಎಣಿಸಿದ ಅಧ್ಯಯನ ಬಂದಾಗ ಎರಡು ದಿನ ಥ್ರೆಡ್ ನಿಲ್ಲಲೇ ಇಲ್ಲ. ನಿಮ್ಮ ಲಿಫ್ಟು ಕೆಟ್ಟಿದ್ದಕ್ಕೇ ಆ ಅಧ್ಯಯನ ಹುಟ್ಟಿತು ಎಂದು ಒಬ್ಬರು ಬರೆದದ್ದನ್ನು ನಾನೇ ಖಂಡಿಸಿದೆ. ಚರ್ಮದವರ ಮುಲಾಮಿನ ಫೋಟೋಗಳನ್ನು ಊಟದ ಹೊತ್ತಿಗೆ ಹಾಕಬಾರದೆಂದು ನಿಯಮ ಮಾಡಿದ್ದೇವೆ. ನಿದ್ರೆಯ ಅಧ್ಯಯನದ ವರದಿ ಓದುತ್ತಾ ಮೂವರು ನಿದ್ದೆ ಹೋದರು. ಅದನ್ನೂ ನಾವು ಅಧ್ಯಯನದ ಯಶಸ್ಸೆಂದೇ ತಿಳಿದೆವು. ಗ್ರೂಪಿನಲ್ಲಿ ಗ್ರಾಫ್ ಮೇಷ್ಟ್ರು ಅಂತ ಒಬ್ಬರಿದ್ದಾರೆ, ನಿವೃತ್ತ ಗಣಿತದ ಅಧ್ಯಾಪಕರು. ಮೂಳೆ ವಿಭಾಗದ ಗೆರೆ ಎರಡು ಮಿಲಿಮೀಟರು ಮೇಲೆ ಹೋಗಿದೆಯೆಂದು ಅಳತೆಪಟ್ಟಿ ಇಟ್ಟು ಫೋಟೋ ಕಳಿಸುವಂಥವರು. ಇಷ್ಟು ಪ್ರೀತಿಯಿಂದ ನಿಮ್ಮ ಕುಟುಂಬದವರಾದರೂ ಓದುತ್ತಾರೋ ಇಲ್ಲವೋ.

ಇಂಥ ಗ್ರೂಪಿಗೆ ಕಿವಿ ವಿಭಾಗದ ತಲೆಸುತ್ತಿನ ವರದಿ ಬಂದಾಗ ಎಲ್ಲರಿಗಿಂತ ಮೊದಲು ಚಪ್ಪಾಳೆ ಹಾಕಿದವಳು ನಾನು, ಏಕೆಂದರೆ ಅದರಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಹನ್ನೊಂದು ಜನ ಬಿಟ್ಟರು, ಅವರಲ್ಲಿ ಒಂಬತ್ತು ಜನ ಅರವತ್ತು ದಾಟಿದವರು ಎಂಬ ಸಾಲು ಕಂಡಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ‘ವಯಸ್ಸಾದವರಿಗೆ ಹೇಳಿದ ಮಾತು ಕೇಳೋಕೆ ಸೋಮಾರಿತನ’ ಎಂದು ಬರೆದೆ. ಇಪ್ಪತ್ತೆರಡು ಜನ ನಗುವ ಮುಖ ಒತ್ತಿದರು. ಅದನ್ನು ಅಳಿಸಬಹುದಿತ್ತು. ಅಳಿಸಿಲ್ಲ. ತಪ್ಪು ಮಾಡಿದ ದಾಖಲೆ ಇರಬೇಕು ಎಂದು ಕಲಿಸಿದ್ದು ನಿಮ್ಮ ಪತ್ರಿಕೆಯೇ ಅಲ್ಲವೇ?

ಆವತ್ತೇ ಪತ್ರಿಕೆ ಹಿಡಿದು ದೊಡ್ಡಮ್ಮನ ಬಳಿಗೆ ಓಡಿದೆ. ಅವರು ಶಾಲೆಯ ಸಮವಸ್ತ್ರ ಹೊಲಿಯುವವರು. ಮೂವತ್ತೆಂಟು ವರ್ಷದಿಂದ ಅದೇ ಯಂತ್ರ, ಅದೇ ಸ್ಟೂಲು. ಎರಡು ವರ್ಷದ ಹಿಂದೆ ತಲೆಸುತ್ತು ಶುರುವಾಗಿ, ಬಗ್ಗಿ ಸೂಜಿಗೆ ದಾರ ಪೋಣಿಸಿದರೆ ಕೋಣೆಯೇ ಗಿರ್ರೆನ್ನುತ್ತಿತ್ತು. ನಿಮ್ಮ ಅಧ್ಯಯನಕ್ಕೆ ಸೇರಿದ ಆರನೇ ವಾರದಿಂದ ನೋಟ್‌ಬುಕ್ಕಿನಲ್ಲಿ ‘ಸುತ್ತು ಇಲ್ಲ’ ಎಂಬ ದಿನಗಳು ಅಲ್ಲೊಂದು ಇಲ್ಲೊಂದು ಕಾಣತೊಡಗಿದವು. ಒಬ್ಬರ ನೋಟ್‌ಬುಕ್ಕು ಸಾಕ್ಷಿ ಆಗುವುದಿಲ್ಲ ಎಂದು ನನಗೆ ಪಾಠ ಹೇಳಬೇಡಿ, ಆ ಪಾಠ ನಿಮ್ಮ ಎಂಟನೇ ಸಂಚಿಕೆಯಲ್ಲೇ ಆಗಿದೆ. ನಾನು ಹೇಳುತ್ತಿರುವುದು ಅವರು ಗುರುತು ಹಾಕಿದ್ದರು ಎಂದಷ್ಟೇ.

ವರದಿಯನ್ನು ನಾನು ಗಟ್ಟಿಯಾಗಿ ಓದುತ್ತಾ ಹೋದೆ, ಅವರು ಕಾಲರಿಗೆ ಹೊಲಿಗೆ ಹಾಕುತ್ತಾ ಕೇಳುತ್ತಾ ಹೋದರು. ಕೊನೆಯ ಪರೀಕ್ಷೆ ಮಾಡಿಸಿಕೊಂಡವರು ಎಪ್ಪತ್ಮೂರು ಎಂದಾಗ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

“ನಂಗೆ ಕೊನೆ ಪರೀಕ್ಷೆ ಮಾಡ್ಲಿಲ್ವಲ್ಲೇ. ಹಂಗಾದ್ರೆ ನಾನು ಯಾವ ಲೆಕ್ಕದಲ್ಲಿದ್ದೀನಿ?”

ನಾನು ಓದಿ ಹೇಳಿದೆ. ಆಮೇಲೆ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಡಬ್ಬಿಗೆ ಹಾಕಿದರು.

“ಉಪಯೋಗ ಇಲ್ಲ ಅಂತ ಬರೆದಿದ್ರೂ ಬೇಜಾರಿರ್ಲಿಲ್ಲ ಕಣೇ. ಬಿಟ್ಟೋದ್ಲು ಅಂತ ಬರೀಬಾರ್ದಿತ್ತು. ಇಷ್ಟು ವರ್ಷದಲ್ಲಿ ಒಂದು ಅಂಗಿ ತೋಳು ಅರ್ಧ ಹೊಲ್ದು ಕೊಟ್ಟಿದ್ದೀನಾ ನಾನು?”

ಕೊನೆಯ ಪರೀಕ್ಷೆಯ ದಿನ ನಡೆದದ್ದೇನು ಎಂದು ಕೇಳಿದೆ. ಅವರು ಹೇಳಿದ್ದನ್ನೂ, ಮರುದಿನ ನಾನೇ ಹೋಗಿ ನೋಡಿದ್ದನ್ನೂ ನಿಮ್ಮ ವರದಿಯ ಶೈಲಿಯಲ್ಲೇ ಒಪ್ಪಿಸುತ್ತೇನೆ. ನಿಮಗೆ ಒಗ್ಗುವ ಭಾಷೆ ಅದೇ ತಾನೇ.

ಅರವತ್ತು ದಾಟಿದವರಿಗೆ ನೂಕುನುಗ್ಗಲು ಆಗದಿರಲಿ ಎಂದು ಅವರನ್ನೆಲ್ಲ ಒಂದೇ ಮಂಗಳವಾರ ಕರೆದಿರಿ. ಒಳ್ಳೆಯ ಮನಸ್ಸು. ಕಾರ್ಡಿನಲ್ಲಿ ‘ಹಳೆಯ ಕಟ್ಟಡ, ಒಂಬತ್ತನೇ ಕೊಠಡಿ, ಬೆಳಿಗ್ಗೆ ಹತ್ತು ಗಂಟೆ’ ಎಂದಿತ್ತು. ದೊಡ್ಡಮ್ಮ ಒಂಬತ್ತೂವರೆಗೇ ಹೋಗಿ ಬೆಂಚಿನ ಮೇಲೆ ಕೂತರು. ಅಷ್ಟರಲ್ಲಿ ಕಿವಿ ವಿಭಾಗ ಹೊಸ ಕಟ್ಟಡಕ್ಕೆ ಹೋಗಿ ಹತ್ತು ದಿನವಾಗಿತ್ತು. ಜಾಗ ಬದಲಾದ ಸುದ್ದಿಯನ್ನು ನೀವು ಎಲ್ಲರ ಫೋನಿಗೂ ನಕ್ಷೆಯ ಲಿಂಕ್ ಸಮೇತ ಕಳಿಸಿದ್ದಿರಂತೆ. ದೊಡ್ಡಮ್ಮನದು ಗುಂಡಿ ಒತ್ತುವ ಫೋನು. ಅದಕ್ಕೆ ನಕ್ಷೆ ಎಂದರೆ ನಾಲ್ಕು ಖಾಲಿ ಚೌಕ.

ಬಾಗಿಲಿಗೆ ಚೀಟಿ ಅಂಟಿಸಿದ್ದೆವಲ್ಲ ಎನ್ನುತ್ತೀರಿ. ಹೌದು, ಅಂಟಿಸಿದ್ದೀರಿ. ನಾನು ಕಣ್ಣಾರೆ ಕಂಡೆ. ಅಕ್ಷರ ದುಂಡಗಿದೆ, ಬಾಣದ ಗುರುತೂ ಇದೆ, ನಾಲ್ಕೂ ಮೂಲೆಗೆ ಟೇಪು. ಆದರೆ ಒಂಬತ್ತನೇ ಕೊಠಡಿ ಈಗ ಹಾಸಿಗೆ ಬಟ್ಟೆಗಳ ಉಗ್ರಾಣ. ಗಾಳಿಯಾಡಲಿ ಎಂದು ಅದರ ಬಾಗಿಲನ್ನು ಬೆಳಿಗ್ಗೆ ಏಳಕ್ಕೆ ಹೊರಗೆ ತೆರೆದು, ಪಡಸಾಲೆಯ ಗೋಡೆಗೆ ಒತ್ತಿ, ಇಟ್ಟಿಗೆ ಇಟ್ಟು ನಿಲ್ಲಿಸುತ್ತಾರೆ. ಸಂಜೆ ಆರಕ್ಕೆ ಮುಚ್ಚುತ್ತಾರೆ. ನಿಮ್ಮ ಚೀಟಿ ಬಾಗಿಲ ಹೊರಮೈಯಲ್ಲಿದೆ. ಅಂದರೆ, ಮಾನ್ಯರೇ, ರೋಗಿಗಳು ಬರುವ ಹೊತ್ತೆಲ್ಲ ನಿಮ್ಮ ಚೀಟಿ ಗೋಡೆಗೆ ಮುಖ ಮಾಡಿ ಶಿಕ್ಷೆಗೆ ನಿಂತ ಮಗುವಿನ ಹಾಗೆ ನಿಂತಿರುತ್ತದೆ. ಎಲ್ಲರೂ ಮನೆಗೆ ಹೋದ ಮೇಲೆ ತಿರುಗಿ ಖಾಲಿ ಬೆಂಚಿಗೆ ದಾರಿ ತೋರಿಸುತ್ತದೆ. ಬಟ್ಟೆಯ ಗಾಡಿ ತಳ್ಳುತ್ತಿದ್ದ ಕೆಲಸದಾಕೆಯನ್ನು ದೊಡ್ಡಮ್ಮ ಮೂರು ಸಲ ಕೇಳಿದರಂತೆ. ಆಕೆಯೂ ಮೂರು ಸಲ, ಬರ್ತಾರೆ, ಕೂತ್ಕೊಳ್ಳಿ ಅಮ್ಮ ಎಂದು ಸಮಾಧಾನ ಮಾಡಿದಳಂತೆ. ನಿಮ್ಮ ಆಸ್ಪತ್ರೆಯಲ್ಲಿ ಎಷ್ಟೋ ವರ್ಷದಿಂದ ನಿಜವಾಗುತ್ತಲೇ ಬಂದಿರುವ ಮಾತು ಅದು. ಆಕೆಯ ತಪ್ಪೇನೂ ಇಲ್ಲ.

ಇನ್ನು ಫೋನು. ವರದಿಯಲ್ಲಿ ‘ಮೂರು ಬಾರಿ ಕರೆ ಮಾಡಲಾಯಿತು, ಉತ್ತರವಿಲ್ಲ’ ಎಂದಿದೆ. ನಿಜ. ದೊಡ್ಡಮ್ಮನ ಫೋನಿನಲ್ಲಿ ಆ ಕರೆಗಳು ಇನ್ನೂ ಇವೆ: ಹತ್ತು ಇಪ್ಪತ್ತು, ಹತ್ತು ಐವತ್ತು, ಹನ್ನೊಂದೂವರೆ. ಆ ಮೂರೂ ಹೊತ್ತಿನಲ್ಲಿ ಅವರು ನಿಮ್ಮ ಬೆಂಚಿನ ಮೇಲೆಯೇ, ‘ಮೊಬೈಲ್ ಸದ್ದು ಕಡ್ಡಾಯವಾಗಿ ನಿಲ್ಲಿಸಿ’ ಎಂಬ ನಿಮ್ಮದೇ ಫಲಕದ ಕೆಳಗೆ ಕೂತಿದ್ದರು. ಸದ್ದು ನಿಲ್ಲಿಸಲು ಬಾರದೆ ಪಕ್ಕದವರ ಕೈಲಿ ಕೊಟ್ಟು ನಿಲ್ಲಿಸಿಕೊಂಡಿದ್ದರು. ಅಷ್ಟು ವಿಧೇಯ ರೋಗಿ ನಿಮಗೆ ಇನ್ನೆಲ್ಲಿ ಸಿಗಬೇಕು? ಮನೆಗೆ ಬಂದು ತಿರುಗಿ ಕರೆ ಮಾಡಿದರೆ, ಈ ಸಂಖ್ಯೆಗೆ ಒಳಬರುವ ಕರೆಯ ಸೌಲಭ್ಯವಿಲ್ಲ ಎಂದು ಒಂದು ಇಂಪಾದ ದನಿ ಹೇಳಿತಂತೆ. ನಮ್ಮ ಗ್ರೂಪಿನಲ್ಲಿ ಹೀಗೆ ಯಾರಾದರೂ ಮೆಸೇಜು ಹಾಕಿ ಉತ್ತರಕ್ಕೆ ಬಾಗಿಲು ಮುಚ್ಚಿದರೆ ಅಡ್ಮಿನ್ ಹೊರಗೆ ಹಾಕುತ್ತಾರೆ. ನಿಮ್ಮಲ್ಲಿ ಉತ್ತರ ಕೊಡಲಾಗದವರನ್ನು ಹೊರಗೆ ಹಾಕುತ್ತಾರೆ.

ಮಧ್ಯಾಹ್ನ ಒಂದರವರೆಗೆ ಕೂತು, ಡಾಕ್ಟರಿಗೆ ಏನೋ ಅವಸರದ ಕೆಲಸ ಬಂದಿರಬೇಕು ಪಾಪ ಎಂದುಕೊಂಡು ಎದ್ದು ಬಂದರು. ಪಾಪ ಅಂದದ್ದು ನಿಮ್ಮನ್ನು. ಮತ್ತೆ ಕರೆಯುತ್ತಾರೆ ಎಂದು ನಂಬಿ ಅಂದಿನಿಂದ ಏಳು ತಿಂಗಳು ಗುರುತು ಹಾಕುತ್ತಲೇ ಇದ್ದಾರೆ. ನೀವು ಕೊಟ್ಟ ಹಾಳೆಗಳು ಮುಗಿದು, ಸಮವಸ್ತ್ರದ ಅಳತೆ ಬರೆಯುವ ಪುಸ್ತಕದ ಹಿಂಭಾಗದಲ್ಲಿ ಗೆರೆ ಎಳೆದುಕೊಂಡಿದ್ದಾರೆ. ಮುಂದಿನಿಂದ ಮಕ್ಕಳ ಸೊಂಟದ ಅಳತೆ, ಹಿಂದಿನಿಂದ ನಿಮ್ಮ ಅಧ್ಯಯನ.

ಬೆಂಚಿನ ಮೇಲೆ ಅವರೊಬ್ಬರೇ ಇರಲಿಲ್ಲ, ಒಟ್ಟು ಐವರಿದ್ದರು. ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು, ಬಾವಿ ತೋಡುತ್ತಿದ್ದ ಒಬ್ಬರು, ಅಕ್ಕತಂಗಿಯರಿಬ್ಬರು, ನಮ್ಮ ದೊಡ್ಡಮ್ಮ. ಮೂರೂವರೆ ಗಂಟೆ ಒಟ್ಟಿಗೆ ಕೂತವರು ಸುಮ್ಮನೆ ಇರುತ್ತಾರೆಯೇ? ಸಂಖ್ಯೆ ಬರೆದುಕೊಂಡಿದ್ದಾರೆ, ಒಬ್ಬರ ಮೊಮ್ಮಗನ ಅಂಗಿ ಇನ್ನೊಬ್ಬರು ಹೊಲಿದಿದ್ದಾರೆ. ನೀವು ಸಂಪರ್ಕಕ್ಕೇ ಸಿಗಲಿಲ್ಲ ಎಂದ ಐದು ಮಂದಿ ಹೋದ ಭಾನುವಾರ ನಮ್ಮ ಮನೆಯಲ್ಲಿ ಚಹಾ ಕುಡಿದು ನಿಮ್ಮ ಕ್ಷೇಮಸಮಾಚಾರ ವಿಚಾರಿಸಿದರು. ಉಳಿದವರು ಯಾವ ಬೆಂಚಿನ ಮೇಲೆ ಕೂತಿದ್ದರೋ ನನಗೂ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ನಗಾಡಿ, ಸ್ಕ್ರೀನ್‌ಶಾಟ್ ಹಾಕಿ ಬಿಡುತ್ತಿದ್ದೆ. ಆದರೆ ವರದಿಯ ಕೊನೆಯಲ್ಲಿ ನೀವು ಒಂದು ತೀರ್ಮಾನ ಕೊಟ್ಟಿದ್ದೀರಿ: ಅರವತ್ತು ದಾಟಿದವರು ಈ ವ್ಯಾಯಾಮ ಮುಂದುವರಿಸುವುದಿಲ್ಲ, ಆದ್ದರಿಂದ ಅವರಿಗೆ ಇದನ್ನು ಸೂಚಿಸುವುದು ಸೂಕ್ತವಲ್ಲ. ದೊಡ್ಡಮ್ಮನ ಜೊತೆ ಕಾಜಾ ಹೊಲಿದು ಗುಂಡಿ ಹಾಕುವ ಅಕ್ಕನಿಗೆ ಈಗ ಅರವತ್ನಾಲ್ಕು. ಅವರಿಗೂ ತಲೆಸುತ್ತು. ಹೋದ ತಿಂಗಳು ನಿಮ್ಮ ಹೊಸ ಕಟ್ಟಡಕ್ಕೆ ಹೋದರೆ, ವ್ಯಾಯಾಮ ನಿಮ್ಮ ವಯಸ್ಸಿಗಲ್ಲ, ಹೊಸ ಅಧ್ಯಯನ ಬಂದಿದೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೆ ಕೂತಲ್ಲೇ ತೂಕಡಿಕೆ. ಎರಡು ಸಲ ಸೂಜಿ ಬೆರಳಿಗೇ ಹೊಕ್ಕಿದೆ. ಈ ಕೆಲಸ ಕೈಬಿಟ್ಟರೆ ಅವರಿಗೆ ಬೇರೆ ಕೆಲಸವಿಲ್ಲ.

ನೀವೇ ಹೇಳಿಕೊಡಬಹುದಲ್ಲ ದೊಡ್ಡಮ್ಮ, ತಲೆ ತಿರುಗಿಸೋದು ತಾನೇ ಎಂದೆ. ಅವರು ಕಪಾಟಿನಿಂದ ನಿಮ್ಮ ಒಪ್ಪಿಗೆ ಪತ್ರ ತಂದು ನನ್ನ ಮುಂದೆ ಹಿಡಿದರು. ಮೂರನೇ ಪುಟ, ಆರನೇ ಅಂಶ: ಅಧ್ಯಯನ ಮುಗಿಯುವವರೆಗೆ ಈ ವ್ಯಾಯಾಮವನ್ನು ಬೇರೆಯವರಿಗೆ ಹೇಳಿಕೊಡುವುದಿಲ್ಲ. ಕೆಳಗೆ ಅವರ ಸಹಿ.

“ಮುಗೀತು ಅಂತ ನಂಗೆ ಯಾರು ಹೇಳಿದ್ರು?” ಎಂದರು.

ಪೇಪರಲ್ಲಿ ಬಂದಿದೆಯಲ್ಲ ಎಂದೆ. “ಪೇಪರಲ್ಲಿ ನಾನು ಬಿಟ್ಟೋದೆ ಅಂತಾನೂ ಬಂದಿದೆ” ಎಂದರು.

ಹೀಗಾಗಿ ಒಂದೇ ಯಂತ್ರದ ಆಚೆ ಈಚೆ ಕೂತ ಇಬ್ಬರಲ್ಲಿ ಒಬ್ಬರು ದಿನಕ್ಕೆರಡು ಸಲ ತಲೆ ತಿರುಗಿಸುತ್ತಾರೆ, ಇನ್ನೊಬ್ಬರು ನೋಡದ ಹಾಗೆ ಗೋಡೆಯ ಕಡೆ ತಿರುಗಿ. ಗುಂಡಿ ಅಕ್ಕ ತೂಕಡಿಸುತ್ತಾ ಕಾಯುತ್ತಾರೆ. ನಿಮ್ಮ ಸಂಶೋಧನೆಯ ಶಿಸ್ತನ್ನು ಇಷ್ಟು ನಿಷ್ಠೆಯಿಂದ ಪಾಲಿಸುತ್ತಿರುವ ಏಕೈಕ ಜಾಗ ನಮ್ಮ ಹೊಲಿಗೆ ಕೋಣೆ ಇರಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಐವರಿಗೆ ಕೊನೆಯ ಪರೀಕ್ಷೆ ಮಾಡಿ. ಒಂಟಿ ಕಾಲಲ್ಲಿ ನಿಲ್ಲಿಸಿ, ಗೆರೆಯ ಮೇಲೆ ನಡೆಸಿ, ನೋಟ್‌ಬುಕ್ಕು ತೆಗೆದುಕೊಳ್ಳಿ, ತಡವಾಗಿ ಬಂದದ್ದು ಎಂದು ಬೇಕಾದರೆ ಬೇರೆ ಕೋಷ್ಟಕದಲ್ಲೇ ಹಾಕಿ. ಬಂದ ಫಲಿತಾಂಶ ಬಂದ ಹಾಗೆ ಇರಲಿ. ಉಪಯೋಗವಿಲ್ಲವೆಂದರೆ ನಾನೇ ಗ್ರೂಪಿನಲ್ಲಿ ಮೊದಲು ಹಾಕುತ್ತೇನೆ. ಮುಂದಿನ ಸಂಚಿಕೆಯ ಹದಿನಾಲ್ಕನೇ ಪುಟದಲ್ಲಿ, ಬಿಟ್ಟವರು ಅವರಲ್ಲ ಎಂದು ಒಂದು ಸಾಲು ಬರೆಯಿರಿ. ಅರವತ್ತು ದಾಟಿದವರ ಮೇಲಿನ ಆ ತೀರ್ಮಾನವನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ಆಮೇಲೆ ಯಾರಾದರೂ ಒಬ್ಬ ಡಾಕ್ಟರು ದೊಡ್ಡಮ್ಮನ ಎದುರು ನಿಂತು, ಅಮ್ಮ, ಅಧ್ಯಯನ ಮುಗಿಯಿತು ಎಂದು ಬಾಯಿಬಿಟ್ಟು ಹೇಳಲಿ. ಗುಂಡಿ ಅಕ್ಕನನ್ನೂ ಜೊತೆಗೆ ಕರೆತರುತ್ತೇವೆ. ಆ ಮಾತು ಬಿದ್ದ ಕ್ಷಣವೇ, ಅದೇ ಬೆಂಚಿನ ಮೇಲೆಯೇ ಪಾಠ ಶುರುವಾಗುತ್ತದೆ.

ಬರುವ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಐವರೂ ಹಳೆಯ ಕಟ್ಟಡದ ಒಂಬತ್ತನೇ ಕೊಠಡಿಯ ಮುಂದೆ ಕೂತಿರುತ್ತಾರೆ. ಹೊಸ ಕಟ್ಟಡಕ್ಕೇ ಕರೆದುಕೊಂಡು ಬರಬಹುದಿತ್ತು, ದಾರಿ ನನಗೆ ಗೊತ್ತು. ದೊಡ್ಡಮ್ಮ ಒಪ್ಪಲಿಲ್ಲ, ಕಾರ್ಡಿನಲ್ಲಿ ಬರೆದದ್ದು ಹಳೆಯ ಕಟ್ಟಡ ತಾನೇ ಎಂದರು. ನಿಮ್ಮ ಮೇಜಿನಿಂದ ಆ ಬೆಂಚಿಗೆ ಇನ್ನೂರ ನಲವತ್ತು ಹೆಜ್ಜೆ, ನಾನು ಎಣಿಸಿದ್ದೇನೆ. ದಯವಿಟ್ಟು ಫೋನ್ ಮಾಡಬೇಡಿ, ಸದ್ದು ನಿಲ್ಲಿಸಿರುತ್ತಾರೆ. ನಡೆದೇ ಬನ್ನಿ.

ಇಂತಿ,
ನಗುವ ಮುಖಗಳಿದ್ದ ತನ್ನ ಮೆಸೇಜನ್ನು ಇನ್ನೂ ಅಳಿಸದೆ ಇಟ್ಟುಕೊಂಡಿರುವ,
ನಿಮ್ಮ ಹನ್ನೊಂದರಲ್ಲಿ ಒಬ್ಬರ ತಂಗಿಯ ಮಗಳು
(ಹಿಂದಿನ ಗೇಟಿನ ಎದುರು, ಕನ್ನಡಕದ ಅಂಗಡಿ)