ಆರ್ನಿಯ ಅಂಗಿಗೆ ಕತ್ತರಿ ಹಾಕಲು ಬಿಡದವರಿಗೆ

ಬೇಟೆ ವಾಹಿನಿಯ ಮಾನ್ಯ ಕಾರ್ಯಕ್ರಮ ಮುಖ್ಯಸ್ಥರೇ,

ಕಳೆದ ಭಾನುವಾರ ಸಂಜೆ ನೀವು ನನ್ನ ತಮ್ಮ ಆರ್ನಿ ಲಾಹ್ಟಿಯನ್ನು ಮತ್ತೊಮ್ಮೆ ತೋರಿಸಿದಿರಿ. ದೊಡ್ಡ ಕೊಂಬಿನ ಗಂಡು ಜಿಂಕೆಯೊಂದರ ಪಕ್ಕ ಮಂಡಿಯೂರಿ, ಅದರ ಕೊಂಬು ಹಿಡಿದು, ಹಲ್ಲು ಬಿಟ್ಟು ನಗುತ್ತಿದ್ದಾನೆ. ಹಿನ್ನೆಲೆಯಲ್ಲಿ ಗಿಟಾರು. ಕೆಳಗೆ ಬಿಳಿ ಅಕ್ಷರದಲ್ಲಿ ‘ನಮ್ಮ ನಿಮ್ಮಂಥ ಒಬ್ಬ ಬೇಟೆಗಾರನ ಕೊನೆಯ ಗೆಲುವು’. ಆ ಜಿಂಕೆಯನ್ನು ಹೊಡೆದದ್ದು ಆರ್ನಿಯಲ್ಲ, ನಾನು. ಅವನು ಹೊಡೆದ ಜಿಂಕೆ ಬೇರೆ ಇತ್ತು. ಅದನ್ನು ಹುಡುಕಿಕೊಂಡು ಹೋಗಿ ಅವನು ಸತ್ತ. ಇದು ನಿಮಗೆ ಗೊತ್ತು. ಗೊತ್ತಿದ್ದೂ ತೋರಿಸುತ್ತಿದ್ದೀರಿ. ಆದ್ದರಿಂದ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ನಮ್ಮೂರಿನ ಪತ್ರಿಕೆಗೆ ಕೊಡುತ್ತಿದ್ದೇನೆ. ಕಚೇರಿಗೆ ಬರೆದರೆ ಎಂಥ ಉತ್ತರ ಬರುತ್ತದೆ ಎಂಬುದನ್ನು ಒಮ್ಮೆ ನೋಡಿಯಾಗಿದೆ.

ನಾನು ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಕೂದಲು ನರೆತಿದೆ, ಎಡ ಮಂಡಿ ಸರಿಯಿಲ್ಲ, ಕ್ಯಾಮರಾದ ಮುಂದೆ ನಿಲ್ಲಿಸುವಂಥ ಮುಖವಲ್ಲ. ಆದರೂ ಮಿಷಿಗನ್ನಿನ ಈ ಉತ್ತರದ ತುದಿಯಲ್ಲಿ ಜಿಂಕೆ ಬೇಟೆ ಶುರುವಾಗುವ ನವೆಂಬರ್ ಹದಿನೈದು ಬಂತೆಂದರೆ ಕೋವಿ ಹಿಡಿದು ಕಾಡಿಗೆ ಹೋಗುವವಳು. ಆ ದಿನ ನಮ್ಮಲ್ಲಿ ಶಾಲೆಗೆ ರಜೆ, ಗಿರಣಿಗೆ ಅರ್ಧ ಆಳು, ಪಾದ್ರಿಗಳ ಮೈಮೇಲೂ ಬೇಟೆಗಾರರ ಕಿತ್ತಳೆ ಜಾಕೀಟು. ಚಳಿಗಾಲಕ್ಕೆ ಮಾಂಸ ಬೇಕು ಎನ್ನುವುದು ಒಂದು ಕಾರಣ. ಅಪ್ಪ ಕೂತ ಮರದ ಬುಡದಲ್ಲಿ ತಾನೂ ಕೂರಬೇಕು ಎನ್ನುವುದು ಇನ್ನೊಂದು.

ನಿಮ್ಮ ಕಾರ್ಯಕ್ರಮದ ಬೇಟೆಗಾರರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರಿಗೆ ಮೂಗು ಸೋರುವುದಿಲ್ಲ. ಜಿಂಕೆಗಾಗಿ ಮರೆಯಲ್ಲಿ ಮರಸು ಕೂತ ಹೊತ್ತಿನಲ್ಲಿ ಉಚ್ಚೆ ಬರುವುದಿಲ್ಲ. ಕಾಲ್ಬೆರಳು ಇದೆಯೋ ಇಲ್ಲವೋ ಎಂದು ಬೂಟಿನೊಳಗೆ ಅಲ್ಲಾಡಿಸಿ ನೋಡಿಕೊಳ್ಳುವ ಗತಿ ಅವರಿಗಿಲ್ಲ. ಕೂತ ಐದು ನಿಮಿಷಕ್ಕೆ ಜಿಂಕೆ ಬರುತ್ತದೆ, ಅಡ್ಡಕ್ಕೆ ತಿರುಗಿ ನಿಲ್ಲುತ್ತದೆ, ಈಡು ಹಾರುತ್ತದೆ, ಬೀಳುತ್ತದೆ. ಆಮೇಲೆ ಒಂದು ಜಾಹೀರಾತು. ಅದರ ಹೊಟ್ಟೆ ಬಗೆದು ಕರುಳು ತೆಗೆಯುವವರು ಯಾರು? ಸೊಂಟ ಮುರಿಯುವಂತೆ ಹಿಮದಲ್ಲಿ ಎಳೆದು ತರುವವರು ಯಾರು? ದಿನವಿಡೀ ಕೂತು ಒಂದು ಅಳಿಲನ್ನಷ್ಟೇ ಕಂಡು ಬರಿಗೈಲಿ ಮನೆಗೆ ಹೋಗುವ ನಮ್ಮಂಥವರು ನಿಮ್ಮ ಲೋಕದಲ್ಲಿ ಎಲ್ಲಿದ್ದೇವೆ? ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮಲ್ಲಿ ಯಾರಿಗೂ ಗುರಿ ತಪ್ಪುವುದಿಲ್ಲ. ತಪ್ಪಿದ್ದನ್ನು ನೀವು ತೋರಿಸುವುದಿಲ್ಲ ಎಂದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ನಮ್ಮಲ್ಲಿ ತಪ್ಪುತ್ತದೆ. ಅದಕ್ಕೊಂದು ವ್ಯವಸ್ಥೆಯೂ ಇದೆ. ತಾತ ಕಟ್ಟಿದ ನಮ್ಮ ಬೇಟೆಮನೆಯ ಒಳಗೋಡೆಯ ತುಂಬ ಬಟ್ಟೆಯ ಚೂರುಗಳಿವೆ. ಕೆಂಪು ಚೌಕುಳಿ, ನೀಲಿ ಚೌಕುಳಿ, ಮಾಸಿದ ಉಣ್ಣೆ. ಗುರಿ ತಪ್ಪಿದವನು, ಇಲ್ಲವೇ ಜಿಂಕೆಗೆ ಗಾಯ ಮಾಡಿ ಓಡಗೊಟ್ಟವನು, ಅಂದು ಸಂಜೆ ಊಟಕ್ಕೆ ಮುಂಚೆ ಬೆನ್ನು ತಿರುಗಿಸಿ ನಿಲ್ಲಬೇಕು. ಹಿರಿಯರು ಅವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ, ಹೆಸರು ಬರೆದು, ಗೋಡೆಗೆ ಮೊಳೆ ಹೊಡೆಯುತ್ತಾರೆ. ಹೊಟ್ಟೆ ಹುಣ್ಣಾಗುವಷ್ಟು ಗೇಲಿ ನಡೆಯುತ್ತದೆ. ಆಮೇಲೆ ಮುಗಿಯಿತು. ಮತ್ತೆ ಆ ಮಾತು ಯಾರೂ ಎತ್ತುವಂತಿಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಅಂಗಿ ಕತ್ತರಿಸಿದ ಮೇಲೆ ಗಾಯಗೊಂಡ ಜಿಂಕೆ ಅವನೊಬ್ಬನದಲ್ಲ, ಇಡೀ ಬೇಟೆಮನೆಯದು. ಬೆಳಗಾದರೆ ಎಲ್ಲರೂ ತಮ್ಮ ಷಿಕಾರಿ ಬಿಟ್ಟು, ಹಗ್ಗ ಹಿಡಿದು, ಸಾಲಾಗಿ ರಕ್ತದ ಜಾಡು ಹಿಡಿಯಬೇಕು. ಅದು ಸಿಗುವ ತನಕ ಬೇರೆ ಜಿಂಕೆ ಎದುರು ಬಂದು ನಿಂತರೂ ಕೋವಿ ಎತ್ತುವಂತಿಲ್ಲ.

ನನ್ನ ಚೂರುಗಳೂ ಆ ಗೋಡೆಯ ಮೇಲಿವೆ. ಅಪ್ಪನ ಮದುವೆಯ ಅಂಗಿಯ ಅಂಚೂ ಇದೆ. ಅತಿ ಹೆಚ್ಚು ಚೂರು ಇರುವುದು ನಮ್ಮ ದೊಡ್ಡಪ್ಪ ಟಾಯ್ವೊ ಅವರದು. ಈಗ ಕತ್ತರಿ ಅವರ ಕೈಯಲ್ಲಿದೆ. “ಈ ಗೋಡೇಲಿ ಚೂರಿಲ್ದೋನು ಒಂದೋ ಸುಳ್ಳ, ಇಲ್ಲಾ ಕಾಡಿಗೇ ಹೋಗ್ದೋನು” ಎಂದು ಅವರು ಹೊಸಬರಿಗೆ ಹೇಳುತ್ತಾರೆ.

ಇನ್ನು ಆರ್ನಿಯ ಮಾತು. ನಿಮ್ಮನ್ನು ನಮ್ಮ ಬೇಟೆಮನೆಗೆ ಕರೆಸಿದವನು ಅವನೇ. ಅದನ್ನು ಮುಚ್ಚಿಡುವುದಿಲ್ಲ. ಕಾಗದದ ಗಿರಣಿಯಲ್ಲಿ ಪಾಳಿ ಮುಗಿಸಿ ಬಂದು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಭಾನುವಾರ ತಪ್ಪದೆ ನಿಮ್ಮ ಕಾರ್ಯಕ್ರಮ ನೋಡುತ್ತಿದ್ದ. ಸಾಮಾನ್ಯ ಬೇಟೆಗಾರರನ್ನೂ ತೋರಿಸುತ್ತೇವೆ ಎಂದು ನೀವು ಪ್ರಕಟಿಸಿದಾಗ ಅವನು ನಮ್ಮ ಗೋಡೆಯ ಬಗ್ಗೆಯೇ ನಿಮಗೆ ಬರೆದ. ನೀವು ಬರುತ್ತೀರೆಂದು ತಿಳಿದ ದಿನ ನನಗೆ ಫೋನು ಮಾಡಿ, “ಅಕ್ಕಾ, ನಮ್ಮಂಥೋರ್ನ ತೋರಿಸ್ತಾರಂತೆ. ದೊಡ್ಡಪ್ಪನ ಹರಕಲು ಅಂಗಿಗಳ್ನೆಲ್ಲ ದೇಶವೇ ನೋಡತ್ತೆ” ಅಂದ. ಐವತ್ತು ದಾಟಿದ ಗಂಡಸು ಹೊಸ ಬಟ್ಟೆ ಸಿಕ್ಕ ಮಗುವಿನ ಹಾಗೆ ಮಾತಾಡುತ್ತಿದ್ದ. ಹೊಸ ಬಟ್ಟೆಯೂ ಸಿಕ್ಕಿತು. ನಿಮ್ಮವರು ಬಂದ ಕೂಡಲೇ ಪ್ರಾಯೋಜಕರ ಹೆಸರು ಎದೆಯ ಮೇಲಿದ್ದ ಹಸಿರು ಅಂಗಿಯೊಂದನ್ನು ಅವನಿಗೆ ತೊಡಿಸಿದರು.

ಮೊದಲ ದಿನ ಬೆಳಿಗ್ಗೆ ನನಗೆ ಜಿಂಕೆ ಸಿಕ್ಕಿತು. ಕ್ಯಾಮರಾ ಆರ್ನಿಯ ಜೊತೆಗಿತ್ತು. ಅವನಿಗೆ ಸಂಜೆಯವರೆಗೂ ಏನೂ ಕಾಣಲಿಲ್ಲ. ಹೊತ್ತು ಇಳಿಯುವಾಗ ಜೌಗಿನ ಆಚೆಯ ಅಂಚಿನಲ್ಲಿ ಒಂದು ಗಂಡು ಜಿಂಕೆ ಬಂತು. ಅಷ್ಟು ದೂರಕ್ಕೆ ಆರ್ನಿ ಜನ್ಮದಲ್ಲಿ ಈಡು ಹಾರಿಸಿದವನಲ್ಲ. ಬೇಡ ಅಂದನಂತೆ. ನಿಮ್ಮ ನಿರ್ದೇಶಕರು ಅವನ ಕಿವಿಯ ಹತ್ತಿರ ಬಾಯಿಟ್ಟು ಬೆಳಕು ಹೋಗುತ್ತಿದೆ, ಬೆಳಕು ಹೋಗುತ್ತಿದೆ ಎಂದು ಪಿಸುಗುಟ್ಟುತ್ತಲೇ ಇದ್ದರಂತೆ. ಅವನು ಹೊಡೆದ. ಜಿಂಕೆ ಬೆನ್ನು ಗೂನು ಮಾಡಿಕೊಂಡು ಓಡಿತು. ಹಾಗೆ ಓಡಿದರೆ ಈಡು ಹೊಟ್ಟೆಗೆ ಬಿದ್ದಿದೆ ಎಂದರ್ಥ. ಅದು ಬೇಗ ಸಾಯುವುದಿಲ್ಲ. ಎಲ್ಲೋ ನೀರಿನ ಬಳಿ ಹೋಗಿ ಮಲಗಿ ನರಳುತ್ತದೆ. ಬೆಳಗಿನವರೆಗೆ ಅದನ್ನು ಕೆದಕದೆ ಬಿಡಬೇಕು.

ಉಳಿದ ಬೆಳಕು ಹಾಳಾಗಬಾರದಲ್ಲ. ನಿಮ್ಮವರು ತೂಗುಹಾಕಿದ್ದ ನನ್ನ ಜಿಂಕೆಯನ್ನು ಕೆಳಗಿಳಿಸಿ, ಅದರ ಕೊಂಬಿಗೆ ಕಟ್ಟಿದ್ದ ನನ್ನ ಹೆಸರಿನ ಚೀಟಿಯನ್ನು ಕಾಣದಂತೆ ಹಿಂದಕ್ಕೆ ತಿರುಗಿಸಿ, ಹಿಮದ ಮೇಲೆ ಮಲಗಿಸಿ ಆರ್ನಿಯನ್ನು ಅದರ ಪಕ್ಕ ಕೂರಿಸಿದರು. ನಗಿ ಅಂದರು. ಇನ್ನೂ ಸ್ವಲ್ಪ ಅಂದರು. ಅವನು ನನ್ನ ಮುಖ ನೋಡಿ ನಕ್ಕ. ಆ ನಗುವನ್ನೇ ನೀವು ಗೆಲುವು ಎಂದು ಕರೆದಿದ್ದೀರಿ. ನಾಚಿಕೆಯಿಂದ ಸಾಯುತ್ತಿರುವವನ ನಗು ಹೇಗಿರುತ್ತದೆ ಎಂದು ನಿಮ್ಮಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲವೇ?

ಊಟಕ್ಕೆ ಮುಂಚೆ ದೊಡ್ಡಪ್ಪ ಕತ್ತರಿ ತಂದರು. ಆರ್ನಿ ಎದ್ದು, ಬೆನ್ನು ತಿರುಗಿಸಿ ನಿಂತ. ಅವನ ಮುಖದಲ್ಲಿ ಆವತ್ತು ಮೊದಲ ಸಲ ಸ್ವಲ್ಪ ಕಳೆ ಬಂದಿತ್ತು. ನಿಮ್ಮ ನಿರ್ದೇಶಕರು ಅಡ್ಡ ಬಂದರು.

“ದಯವಿಟ್ಟು ಅಂಗಿ ಮುಟ್ಬೇಡಿ ಯಜಮಾನ್ರೇ. ಬೆಳಿಗ್ಗೆ ಇದೇ ಅಂಗಿಯಲ್ಲಿ ಶೂಟಿಂಗ್ ಇದೆ. ಅಲ್ದೆ ಇದು ಪ್ರಾಯೋಜಕರದ್ದು.”

“ಅಂಗಿ ಯಾರದ್ದಾದ್ರೂ ಆಗ್ಲಿ ಸ್ವಾಮಿ,” ಎಂದರು ದೊಡ್ಡಪ್ಪ. “ಒಳಗಿರೋನು ನಮ್ಮೋನು.”

ನಿಮ್ಮವರು ನಕ್ಕು, ನಮ್ಮ ಕಾರ್ಯಕ್ರಮದಲ್ಲಿ ಗುರಿ ತಪ್ಪಿದ್ದನ್ನು ತೋರಿಸುವ ಪದ್ಧತಿ ಇಲ್ಲ ಎಂದು ವಿವರಿಸಿದರು. ಗೋಡೆಯ ಚಿತ್ರವನ್ನು ಬೇಕಾದರೆ ಅಲಂಕಾರಕ್ಕೆ ಬಳಸುತ್ತೇವೆ ಅಂದರು. ಬಂದವರ ಮರ್ಯಾದೆ ಕಳೆಯಬಾರದೆಂದು ಆರ್ನಿಯೇ, “ಬಿಡು ದೊಡ್ಡಪ್ಪ, ಇವ್ರು ಹೋದ್ಮೇಲೆ ಕತ್ತರಿಸ್ದ್ರಾಯ್ತು” ಅಂದ. ದೊಡ್ಡಪ್ಪ ಕತ್ತರಿಯನ್ನು ಗೂಟಕ್ಕೆ ತಗುಲಿಹಾಕಿದರು. ಗೇಲಿ ನಡೆಯಲಿಲ್ಲ. ಹಾಗೆಯೇ ಊಟಕ್ಕೆ ಕೂತೆವು.

ತಟ್ಟೆ ತೊಳೆಯುವಾಗ ಅವನು ನನ್ನ ಪಕ್ಕ ಬಂದು ನಿಂತ. ಸಂಜೆ ನಡೆದದ್ದನ್ನೆಲ್ಲ ಹೇಳಿದ್ದು ಆಗಲೇ.

“ದೂರ ಇತ್ತಕ್ಕಾ. ದೂರ ಅಂತ ನಂಗೆ ಗೊತ್ತಿತ್ತು.”

“ಬೆಳಿಗ್ಗೆ ಎಲ್ರೂ ಹೋಗಣ ಬಿಡೋ.”

“ಬೆಳಿಗ್ಗೆ ಎಲ್ರೂ ಅವ್ರವ್ರ ಜಾಗದಲ್ಲಿ ಕೂತಿರ್ಬೇಕಂತೆ, ಸೂರ್ಯ ಹುಟ್ಟೋದನ್ನ ತೆಗೀತಾರಂತೆ. ಹುಡುಕೋದು ಆಮೇಲೆ ಅಂತೆ. ನಿಮ್ದೆಲ್ಲ ಯಾಕೆ ಹಾಳ್ಮಾಡ್ಲಿ. ಅದು ನನ್ ಜಿಂಕೆ.”

‘ನನ್ ಜಿಂಕೆ.’ ಅಂಗಿ ಕತ್ತರಿಸಿಕೊಂಡವನು ನಮ್ಮ ಮನೆಯಲ್ಲಿ ಆ ಮಾತು ಆಡಿದ್ದೇ ಇಲ್ಲ. ಆಡಬೇಕಾದ ಪ್ರಸಂಗವೇ ಬಂದಿರಲಿಲ್ಲ.

ಬೆಳಿಗ್ಗೆ ಅವನ ಹಾಸಿಗೆ ಖಾಲಿಯಿತ್ತು. ನಿಮ್ಮವರ ಜೊತೆ ಹೋಗಿದ್ದಾನೆ ಎಂದು ನಾವು ತಿಳಿದೆವು, ನಮ್ಮ ಜೊತೆ ಇದ್ದಾನೆ ಎಂದು ನಿಮ್ಮವರು ತಿಳಿದರು. ಸೂರ್ಯ ಚೆನ್ನಾಗಿಯೇ ಹುಟ್ಟಿದ. ನೀವು ಅದನ್ನು ಮೂರು ಕಡೆ ಬಳಸಿದ್ದೀರಿ. ಆಮೇಲೆ ನಾನೂ ದೊಡ್ಡಪ್ಪನೂ ಹಿಮದಲ್ಲಿ ಅವನ ಬೂಟಿನ ಗುರುತು ಹಿಡಿದು ಹೊರಟೆವು. ಬೂಟಿನ ಗುರುತಿನ ಪಕ್ಕದಲ್ಲೇ ರಕ್ತದ ಜಾಡು ಇತ್ತು. ಎರಡು ಜಾಡೂ ಬೀವರ್ ಎಂಬ ನೀರುಪ್ರಾಣಿಗಳು ಒಡ್ಡು ಕಟ್ಟಿದ ಕೆರೆಯ ಕಡೆಗೆ ಹೋಗಿದ್ದವು. ದಡದಲ್ಲಿ ತನ್ನ ಕೋವಿಯನ್ನು ದೇವದಾರು ಮರಕ್ಕೆ ಒರಗಿಸಿದ್ದ, ತೋಟಾ ಬಿಚ್ಚಿ ಜೋಡಿಸಿಟ್ಟಿದ್ದ. ಹೊಸ ಮಂಜುಗಡ್ಡೆಯ ಮೇಲೆ ದೂರದಲ್ಲಿ ಜಿಂಕೆ ಸತ್ತು ಬಿದ್ದಿತ್ತು. ಅಲ್ಲಿಗೂ ದಡಕ್ಕೂ ನಡುವೆ ಮಂಜುಗಡ್ಡೆ ಒಡೆದು ಕಪ್ಪು ನೀರು ಕಾಣುತ್ತಿತ್ತು. ಅದರವರೆಗೆ ಅವನು ಹೊಟ್ಟೆಯ ಮೇಲೆ ತೆವಳಿದ ಗುರುತು ಇತ್ತು. ಅದರಾಚೆ ಇರಲಿಲ್ಲ.

ನವೆಂಬರಿನ ಮಂಜುಗಡ್ಡೆ ಹೇಗಿರುತ್ತದೆ ಎಂದು ಆರ್ನಿಗೆ ಗೊತ್ತಿರಲಿಲ್ಲ ಎನ್ನಬೇಡಿ. ಅದೇ ಕೆರೆಯಿಂದ ನಾವು ಹಿಂದೆಯೂ ಜಿಂಕೆ ಎಳೆದಿದ್ದೇವೆ. ಒಬ್ಬರ ಸೊಂಟಕ್ಕೆ ಹಗ್ಗ, ದಡದಲ್ಲಿ ಹಗ್ಗ ಹಿಡಿದು ಉಳಿದವರು. ಆವತ್ತೂ ಹಗ್ಗ ನಮ್ಮ ಬಾಗಿಲ ಹಿಂದೆಯೇ ನೇತಾಡುತ್ತಿತ್ತು. ಒಬ್ಬನೇ ಹೋಗುವವನಿಗೆ ಹಗ್ಗದಿಂದ ಏನು ಪ್ರಯೋಜನ? ಆ ಕಡೆ ಹಿಡಿಯುವವರು ಬೇಕಲ್ಲ.

ವಸಂತದಲ್ಲಿ ಆರ್ನಿಯನ್ನು ತೋರಿಸಿದ ಕಂತು ಮೊದಲ ಸಲ ಬಂತು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬಂತೆ ಆರ್ನಿ ಮಹಾ ಗುರಿಕಾರನಾಗಿದ್ದ. ನಾನು ನಿಮಗೆ ಬರೆದೆ. ನಿಮ್ಮ ಕಚೇರಿಯ ಉತ್ತರ ಬಹಳ ಸಭ್ಯವಾಗಿತ್ತು. ಬೇಟೆಯ ಚೈತನ್ಯವನ್ನು ತೋರಿಸುವುದು ನಿಮ್ಮ ಧ್ಯೇಯವಂತೆ. ವೀಕ್ಷಕರಿಗೆ ಬೇಕಾದದ್ದು ಸ್ಫೂರ್ತಿಯಂತೆ. ಆರ್ನಿಯನ್ನು ಮಂಜುಗಡ್ಡೆಯ ಮೇಲೆ ಹೋಗೆಂದು ನಿಮ್ಮವರು ಯಾರೂ ಹೇಳಲಿಲ್ಲವಂತೆ. ಹೌದು, ಹೇಳಲಿಲ್ಲ. ಆರ್ನಿ ಸ್ವಂತ ಬುದ್ಧಿಯಿದ್ದ ಗಂಡಸು. ನೀವು ಅವನನ್ನು ತಳ್ಳಲಿಲ್ಲ. ಅವನು ತಪ್ಪಿದ್ದನ್ನು ತಪ್ಪಿದೆ ಎಂದು ಹೇಳಿಕೊಳ್ಳುವ ಒಂದು ದಾರಿಯಿತ್ತು, ಅದನ್ನು ಮುಚ್ಚಿದಿರಿ. ನಾನು ನಿಮ್ಮ ಮೇಲೆ ಹೊರಿಸುತ್ತಿರುವ ತಪ್ಪು ಇಷ್ಟೇ.

ಇದು ನನ್ನ ಮನೆಯೊಂದರ ಗೋಳು ಎಂದು ತಳ್ಳಿಹಾಕಬೇಡಿ. ಈ ಸಲ ಹಿಮ ಕರಗಿದಾಗ ನಮ್ಮ ಹೊಳೆಯ ದಂಡೆಯಲ್ಲಿ ಹೊಟ್ಟೆಗೆ ಈಡು ತಿಂದು, ಯಾರೂ ಹುಡುಕಿ ಬರದೆ ಕೊಳೆತ ಜಿಂಕೆಗಳನ್ನು ಕಂಡೆ. ಹೊಡೆದವರು ನಮ್ಮೂರಿನವರೇ ಇರಬೇಕು. ದೂರದ ಈಡು ಅವರು ಕಲಿತದ್ದು ನಿಮ್ಮಿಂದ. ಬೀಳದಿದ್ದರೆ ಮುಂದೇನು ಮಾಡಬೇಕೆಂದು ನೀವು ಕಲಿಸಿಲ್ಲ. ಜಾಡು ಹಿಡಿದು ಗಂಟೆಗಟ್ಟಲೆ ಬಗ್ಗಿ ನಡೆಯುವುದನ್ನು, ಸಿಗದೆ ಹಿಂತಿರುಗಿ ಅನ್ನ ಸೇರದೆ ಕೂರುವುದನ್ನು ತೋರಿಸಿದರೆ ಪ್ರಾಯೋಜಕರ ಅಂಗಿ ಮಾರಾಟವಾಗುವುದಿಲ್ಲವೇ? ಬೇಟೆಯಲ್ಲಿ ಹೆಚ್ಚಿನ ಪಾಲು ಅದೇ ಇರುವುದು, ಸ್ವಾಮಿ.

ಆರ್ನಿಯನ್ನು ನೀರಿನಿಂದ ಎತ್ತಿದವರು ಅವನು ತೊಟ್ಟಿದ್ದ ಆ ಹಸಿರು ಅಂಗಿಯನ್ನು ಒಂದು ಚೀಲದಲ್ಲಿ ಹಾಕಿ ನನಗೆ ಕೊಟ್ಟರು. ಅಂಚು ನೆಟ್ಟಗೆ ಇದೆ, ಒಂದು ಎಳೆಯೂ ಬಿಚ್ಚಿಲ್ಲ. ಅದನ್ನಾದರೂ ಕತ್ತರಿಸಿ ಗೋಡೆಗೆ ಹೊಡೆಯೋಣ ಎಂದು ದೊಡ್ಡಪ್ಪನನ್ನು ಕೇಳಿದೆ. ಅವರು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಸವರಿದರು. ಕತ್ತರಿಸಲಿಲ್ಲ.

“ಈ ಈಡು ಇವ್ನದಲ್ಲ ಕಣಮ್ಮ. ಹೊಡೆಸಿದೋರು ಬೇರೆ ಇದಾರೆ.”

ಮಾನ್ಯರೇ, ನನ್ನ ಬೇಡಿಕೆಗೆ ಬರುತ್ತೇನೆ. ಆರ್ನಿಯ ಆ ನಗುವನ್ನು ಇನ್ನು ತೋರಿಸಕೂಡದು. ಅದರ ಬದಲು ನಿಮ್ಮ ಬಳಿ ಇರುವ ಆ ಸಂಜೆಯ ಚಿತ್ರವನ್ನು, ಅವನು ಬೇಡ ಅಂದದ್ದು, ನಿಮ್ಮವರು ಪಿಸುಗುಟ್ಟಿದ್ದು, ಜಿಂಕೆ ಗೂನಾಗಿ ಓಡಿದ್ದು, ಇದ್ದದ್ದನ್ನು ಇದ್ದ ಹಾಗೆ, ಗಿಟಾರಿಲ್ಲದೆ, ಒಂದು ಭಾನುವಾರ ತೋರಿಸಬೇಕು.

ಹಾಗೂ ನೀವು ಖುದ್ದಾಗಿ ನಮ್ಮಲ್ಲಿಗೆ ಬರಬೇಕು. ಈ ನವೆಂಬರ್ ಹದಿನಾಲ್ಕರ ಸಂಜೆ, ಕ್ಯಾಮರಾ ಬಿಟ್ಟು, ನಿಮ್ಮದೇ ಒಂದು ಅಂಗಿ ತೊಟ್ಟು. ಊಟ ನಮ್ಮಲ್ಲೇ ಆಗಲಿ. ಊಟಕ್ಕೆ ಮುಂಚೆ ಗೋಡೆಯ ಮುಂದೆ ಬೆನ್ನು ತಿರುಗಿಸಿ ನಿಂತುಕೊಳ್ಳಿ. ದೊಡ್ಡಪ್ಪನ ಕೈ ಈಗ ನಡುಗುತ್ತದೆ, ಆದರೆ ಕತ್ತರಿ ಹರಿತವಾಗಿದೆ. ನಮ್ಮ ಕಟ್ಟಳೆ ಮೇಲೆ ಹೇಳಿದ್ದೇನೆ. ಅಂಗಿ ಕತ್ತರಿಸಿದ ಮೇಲೆ ಮತ್ತೆ ಆ ಮಾತು ಯಾರೂ ಎತ್ತುವುದಿಲ್ಲ, ಸತ್ತದ್ದರ ಭಾರ ಎಲ್ಲರದಾಗುತ್ತದೆ. ನಾನೂ ಹೊರುತ್ತೇನೆ. ಅಲ್ಲಿಯವರೆಗೆ ಆರ್ನಿ ನಿಮ್ಮೊಬ್ಬರ ಜಿಂಕೆ.

ಇಂತಿ,
ನೀವು ಚೀಟಿ ತಿರುಗಿಸಿ ತಮ್ಮನಿಗೆ ಕೊಡಿಸಿದ ಜಿಂಕೆಯನ್ನು ಹೊಡೆದವಳು,
ಗೋಡೆಯ ಮೇಲೆ ತನ್ನ ಪಾಲಿನ ಚೂರುಗಳಿರುವ
ಮಾರ್ಲೀನ್ ಲಾಹ್ಟಿ