ತುಲೂಸಿನ ಹುಡುಗಿಯ ಕಥೆ ಹೇಳಿದವರಿಗೆ

ರೀ,

ನಿಮ್ಮನ್ನು ಕರೆಯುವುದಕ್ಕೆ ಈ ಒಂದಕ್ಷರ ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ. ನೀವು ಹೋಗಿ ಆರೇಳು ತಿಂಗಳಾಯಿತು. ಪ್ಲಾಂಟಿನಿಂದ ಬರುವ ಕಂಪನಿ ಬಸ್ಸು ಈಗಲೂ ಗಲ್ಫಿನ ಈ ಮಂಗಫ್‌ನ ನಮ್ಮ ಬಿಲ್ಡಿಂಗಿನ ಮುಂದೆಯೇ ನಿಲ್ಲುತ್ತದೆ. ಅದೇ ಬಸ್ಸಿನಲ್ಲಿ ನೀವು ಕಣ್ಣು ಮುಚ್ಚಿ ಕೂತಿದ್ದಿರಂತೆ. ನಿದ್ದೆ ಅಂದುಕೊಂಡು ಯಾರೂ ಎಬ್ಬಿಸಲಿಲ್ಲವಂತೆ.

ಕಂಪನಿಯವರು ನಿಮ್ಮನ್ನು ಟ್ರೈನಿಂಗಿಗೆಂದು ಫ್ರಾನ್ಸಿನ ತುಲೂಸಿಗೆ ಕಳಿಸಿದ್ದು ನೆನಪಿದೆಯಾ? ಉಳಿದವರು ಸೆಂಟು, ಚಾಕೊಲೇಟು ತಂದರು. ನೀವು ತಂದದ್ದು ಏಳೆಂಟು ನೂರು ವರ್ಷದ ಹಿಂದೆ ಆ ಸೀಮೆಯನ್ನಾಳಿದ ಕೌಂಟ್ ಎಂಬ ದೊರೆಗಳ ಕಥೆ. ಶುಕ್ರವಾರ ನಾನು ದೋಸೆ ಹುಯ್ಯುತ್ತಿದ್ದರೆ ಬಾಗಿಲಿಗೆ ಒರಗಿ ಹೇಳುತ್ತಿದ್ದಿರಿ, ಯಾವ ಕೌಂಟ್ ಯಾರ ಮಗಳನ್ನು ತಂದ, ಯಾವ ಕೋಟೆಯ ಆಸೆಗೆ ತಂದ ಅಂತ. ಹೆಂಡತಿ ಬೇಡವಾದರೆ ಅವಳು ತಮಗೆ ದೂರದ ರಕ್ತಸಂಬಂಧಿ ಎಂದು ತೋರಿಸಿ ಮದುವೆ ಮುರಿಸುತ್ತಿದ್ದರಂತೆ. ಅವರ ಚರ್ಚು ಸಂಬಂಧದೊಳಗಿನ ಮದುವೆಯನ್ನು ಒಪ್ಪುತ್ತಿರಲಿಲ್ಲವಂತೆ. "ನೋಡೇ, ನಮ್ಮಲ್ಲಿ ಸಂಬಂಧ ಇದೆ ಅಂತ ಮದುವೆ ಮಾಡ್ತಾರೆ. ಅಲ್ಲಿ ಸಂಬಂಧ ಇದೆ ಅಂತ ಬಿಡಿಸ್ತಿದ್ರು," ಎಂದು ನಗುತ್ತಿದ್ದಿರಿ.

ಕೊನೆಯ ಕೌಂಟನ ಮಗಳ ಕಥೆಗೆ ಬಂದಾಗ ಮಾತ್ರ ನಗುತ್ತಿರಲಿಲ್ಲ. ಅವನು ಫ್ರಾನ್ಸಿನ ರಾಜನೆದುರು ಸೋತು ಶರಣಾಗಿದ್ದ. ಒಬ್ಬಳೇ ಮಗಳು, ಒಂಬತ್ತು ವರ್ಷ. ಅವಳನ್ನು ರಾಜನ ತಮ್ಮನಿಗೆ ಕೊಡಬೇಕೆಂಬುದು ಸಂಧಿಯ ಷರತ್ತು. ಅಪ್ಪನಿಂದ ಬಿಡಿಸಿ ಕರೆದೊಯ್ದು ಅರಮನೆಯಲ್ಲೇ ಬೆಳೆಸಿದರು. ಮಕ್ಕಳಾಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಸತ್ತ ಮೇಲೆ ಇಡೀ ಸೀಮೆ ರಾಜನದಾಯಿತು. ನೀವಿದನ್ನು ಹೇಳುವಾಗ ನಮ್ಮ ಭೂಮಿಕಾಳಿಗೂ ಹೆಚ್ಚುಕಡಿಮೆ ಅದೇ ವಯಸ್ಸು. "ಡಿಡ್ ಎನಿವನ್ ಆಸ್ಕ್ ಹರ್, ಅಪ್ಪ?" ಎಂದಳು. ನೀವು ಅವಳ ತಲೆ ಸವರಿ, "ಕೇಳಿದ್ರು ಅಂತ ನಾನೆಲ್ಲೂ ಓದಿಲ್ಲ ಪುಟ್ಟಿ," ಎಂದಿರಿ.

ನಿಮ್ಮ ಆಫೀಸಿನಲ್ಲಿ ವೀಸಾ ಕೆಲಸ ನೋಡುವ ಪುತ್ತೂರಿನ ಹಮೀದ್ ಮನೆಗೆ ಬಂದ ದಿನ ಚಹಾ ಮುಟ್ಟಲಿಲ್ಲ. "ಅಕ್ಕ, ನಾನು ಎಲ್ಲ ಕಡೆ ಕೇಳಿ ನೋಡಿದೆ. ನಿಮ್ಮಿಬ್ಬರ ಇಕಾಮಾ ಸಾರ್ ಕೆಲಸದ ಮೇಲೆ ಇದ್ದದ್ದಲ್ವಾ? ಅವರೇ ಇಲ್ಲದ ಮೇಲೆ ಖಲಾಸ್, ನೀವಿನ್ನು ಇಲ್ಲಿ ಇರುವ ಹಾಗಿಲ್ಲ," ಎಂದ. ಭೂಮಿಕಾ ಇಲ್ಲೇ ಕೆಲಸ ಹುಡುಕಿದಳು. ಸಲ್ವಾದ ಒಂದು ಕ್ಲಿನಿಕ್ಕಿನವರಿಗೆ ಅವಳು ಹಿಡಿಸಿದಳು, ಆದರೆ ವೀಸಾ ಕೊಡಿಸುವುದು ತಮ್ಮಿಂದಾಗದು ಅಂದರು. ಈ ಊರಲ್ಲಿ ಹುಟ್ಟಿ ಬೆಳೆದವಳು ಅವಳು.

ನಿಮ್ಮ ಅಕ್ಕ ಮೈಸೂರಿನಿಂದ ಫೋನ್ ಮಾಡಿದ್ದು ಅದೇ ವಾರ. ನೀವು ಉಳಿಸಿದ್ದೆಲ್ಲ ಅಲ್ಲಿನ ಮನೆಗೆ ಹೋಗಿತ್ತು. ಮನೆ ಇರುವುದು ನಿಮ್ಮ ಮತ್ತು ಅವರ ಹೆಸರಿನಲ್ಲಿ. "ಭಾಗ, ಕೋರ್ಟು ಅಂತೆಲ್ಲ ಯಾಕೆ ಸುಮಾ? ಭೂಮಿಕಾನ ನಮ್ಮ ಪ್ರಮೋದಂಗೆ ತಂದ್ಕೊಂಡ್ರೆ ಮನೆ ಒಂದಾಗೇ ಇರತ್ತೆ. ನೀನೂ ಮಗಳ ಜೊತೆ ಇರ್ತೀಯ," ಎಂದರು. "ಅವರಿಗಿದು ಇಷ್ಟವಾಗುತ್ತಿರಲಿಲ್ಲ ಅತ್ತಿಗೆ," ಎಂದೆ. "ಅವನೇ ಮಾತು ಕೊಟ್ಟಿದ್ದು ಕಣೇ. ನೀವು ಮೈಸೂರಿಗೆ ಬಂದು ಅವಳನ್ನ ತೊಟ್ಟಿಲಿಗೆ ಹಾಕಿದ ದಿನಾನೇ, ನಮ್ಮಪ್ಪನ ಎದುರಿಗೆ."

ನಿಜವಾ ರೀ? ನಾನು ಮಗುವನ್ನೆತ್ತಿಕೊಂಡು ಆರತಿಗೆ ಕೂತಿದ್ದೆ, ಅಂಥ ಮಾತೇನೂ ನನ್ನ ಕಿವಿಗೆ ಬಿದ್ದಿಲ್ಲ. ಕೇಳೋಣವೆಂದರೆ ಮಾವನವರೂ ಇಲ್ಲ. ತಮಾಷೆಗೆ ಅಂದಿದ್ದಿರಾ? ಅಕ್ಕ ನೊಂದುಕೊಂಡಾರು ಅಂತ ಹೂಂಗುಟ್ಟಿದ್ದಿರಾ? ಎಲ್ಲೋ ಯಾವಾಗಲೋ ಸತ್ತ ಆ ಹುಡುಗಿಗಾಗಿ ಅಷ್ಟು ಮರುಗುತ್ತಿದ್ದ ನೀವು... ನೀವೇ...

ಭೂಮಿಕಾಳಿಗೆ ಹೇಳಿದಾಗ ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಮಾರನೆಯ ದಿನ ಒಪ್ಪಿದಳು. ಕಳೆದ ವಾರ ಪ್ರಮೋದನ ಜೊತೆ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಅವನು ತನ್ನ ಜೊತೆ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಮೆಚ್ಚಿದ್ದಾನಂತೆ. ಅಮ್ಮನಿಗೂ ಹೇಳಿದ್ದನಂತೆ, ಅವರು ಊಟ ಬಿಟ್ಟು ಮಲಗಿದರಂತೆ. "ಹಿ ಕ್ರೈಡ್, ಅಮ್ಮ. ಐ ಫೆಲ್ಟ್ ಸಾರಿ ಫಾರ್ ಹಿಮ್," ಎಂದಳು.

ಹಾಗಾದರೆ ಬೇಡ ಅಂದುಬಿಡೋಣ ಎಂದೆ. ಅವಳು ನಿಮ್ಮ ಶರ್ಟುಗಳನ್ನು ಮಡಚಿ ಸೂಟ್‌ಕೇಸಿಗೆ ಇಡುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ದೆನ್ ವೇರ್ ವಿಲ್ ಯೂ ಲಿವ್?"

ಅವಳು ಒಪ್ಪಿದ್ದು ಯಾತಕ್ಕೆಂದು ಆಗ ತಿಳಿಯಿತು.

ಶುಕ್ರವಾರ ಹೊರಡುತ್ತೇವೆ. ನೀವು ಹೋದ ವರ್ಷದೊಳಗೇ ಮಾಡಿದರೆ ಒಳ್ಳೆಯದಂತೆ, ಮದುವೆಯನ್ನು ಬರುವ ತಿಂಗಳೇ ಇಟ್ಟುಕೊಂಡಿದ್ದಾರೆ. ಧಾರೆ ಎರೆದು ಕೊಡಲು ನಿಮ್ಮ ಚಿಕ್ಕಪ್ಪನ ಮಗನನ್ನೂ ಅವನ ಹೆಂಡತಿಯನ್ನೂ ಗೊತ್ತುಮಾಡಿದ್ದಾರೆ. ಆ ಹೊತ್ತಿನಲ್ಲಿ ನಾನು ಎದುರಿಗೆ ಬರದೆ ಒಳಗೇ ಇರಬೇಕಂತೆ.

ಇರುತ್ತೇನೆ.

ಸುಮಾ